ಗಂಟೆ ಒಂದರ ಸೌಹಾರ್ದ ಭೋಜನ

ಸೌಹಾರ್ದ ತರಬೇತಿಯ ಉಸ್ತುವಾರಿ ಅಧಿಕಾರಿಗಳೇ,

ಉಪವಾಸವಿದ್ದವಳು ಊಟ ಮಾಡಲಿಲ್ಲವೆಂದು ನೋಟಿಸ್ ಕೊಟ್ಟ ಮೊದಲ ಮಹಾನುಭಾವರು ತಾವೇ ಇರಬೇಕು. ನಮ್ಮ ಮಿಜಾರಿನ ಶಾಲೆಯ ಅತಿಥಿ ಶಿಕ್ಷಕಿ ಹಫ್ಸ ಮೂರು ದಿನದೊಳಗೆ ಉತ್ತರ ಕೊಡಬೇಕಂತೆ. ಇಲ್ಲದಿದ್ದರೆ ಮುಂದಿನ ವರ್ಷ ಅವಳಿಗೆ ಕೆಲಸವಿಲ್ಲವಂತೆ.

ಕಳೆದ ವಾರ ಮೂಡುಬಿದಿರೆಯಲ್ಲಿ ಶಿಕ್ಷಕರಿಗೆ ಇಸ್ಲಾಂ ಧರ್ಮದ ಪರಿಚಯ ಮಾಡಿಸಿದಿರಿ. ಸಂತೋಷ. ರಂಜಾನ್ ತಿಂಗಳಲ್ಲೇ ಮಾಡಿಸಿದಿರಿ. ಇನ್ನೂ ಸಂತೋಷ. ತಮ್ಮ ಕೈಪಿಡಿಯ ಮೂರನೆಯ ಪುಟದಲ್ಲಿ ಐದು ಕರ್ತವ್ಯಗಳಿವೆ: ದೇವರೊಬ್ಬನೇ ಮತ್ತು ಮುಹಮ್ಮದರು ಅವನ ಪ್ರವಾದಿ ಎಂಬ ಸಾಕ್ಷ್ಯ, ದಿನಕ್ಕೆ ಐದು ಹೊತ್ತಿನ ನಮಾಜು, ಗಳಿಕೆಯಲ್ಲಿ ಬಡವರ ಪಾಲು ಕೊಡುವ ಝಕಾತ್, ರಂಜಾನಿನ ಉಪವಾಸ, ಶಕ್ತಿಯಿದ್ದವರಿಗೆ ಹಜ್ ಯಾತ್ರೆ. ಇದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿದವರೂ ತಾವೇ. ಓದಿ ಮುಗಿಸಿ, ಗಂಟೆ ಒಂದಕ್ಕೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಕಡ್ಡಾಯ ಸೌಹಾರ್ದ ಭೋಜನ ಎಂದಿರಿ. ತನ್ನ ಬಾಯಿಯ ಮಾತು ತನ್ನ ಕಿವಿಗೇ ತಲುಪದ ಅಧಿಕಾರಿಯನ್ನು ಇಪ್ಪತ್ತೊಂಬತ್ತು ವರ್ಷಗಳ ನೌಕರಿಯಲ್ಲಿ ನಾನು ಕಂಡಿರಲಿಲ್ಲ.

ಹಫ್ಸ ಎದ್ದು ನಿಂತಳು. “ಸರ್, ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ನಮಗೆ ನೀರು ಸಹ ಇಲ್ಲ. ನಾನು ಬಡಿಸ್ತೇನೆ, ಆಗದಾ?”

“ಒಂದು ತುತ್ತು ತಿಂದ್ರೆ ಏನಾಗ್ತದೆ ಮಾರಾಯ್ತಿ? ಫೋಟೋ ತೆಗಿಲಿಕ್ಕೆ ಉಂಟು,” ಎಂದಿರಿ ತಾವು.

ಅವಳು ತಿನ್ನಲಿಲ್ಲ, ಬಡಿಸಿದಳು. ತಮಗೆ ಎರಡು ಸಲ ಪಾಯಸ ಬಡಿಸಿದಳು. ಅದನ್ನು ಚಪ್ಪರಿಸಿ, ಕಚೇರಿಗೆ ಹೋಗಿ ‘ಸಹಭೋಜನಕ್ಕೆ ಅಸಹಕಾರ’ ಎಂದು ಬರೆದಿರಲ್ಲ, ನಾಚಿಕೆಯಾಗಲಿಲ್ಲವೇ? ಹಸಿದವಳ ಕೈಯಿಂದ ಉಂಡು ಅವಳ ಅನ್ನಕ್ಕೇ ಕಲ್ಲು ಹಾಕುವುದನ್ನು ಯಾವ ಕೈಪಿಡಿ ಕಲಿಸಿತು? ನನಗಂತೂ ಹೇಸಿಗೆಯಾಗುತ್ತಿದೆ.

ನಾನು ಜೈನಳು. ನಮ್ಮಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು. ಪಕ್ಕದ ಮನೆಯಲ್ಲಿ ಹಫ್ಸಳ ತಾಯಿ ಆಸ್ಯಮ್ಮ ರಂಜಾನಿನಲ್ಲಿ ಸೂರ್ಯ ಮುಳುಗಿದ ಮೇಲಷ್ಟೇ ಖರ್ಜೂರ ಬಾಯಿಗಿಡುತ್ತಾರೆ. ನಾನು ಪಾತ್ರೆ ತೊಳೆಯುವಾಗ ಮಸೀದಿಯ ಬಾಂಗು ಕೇಳುತ್ತದೆ. “ನಿಮ್ಮದು ಆಯ್ತಾ ಟೀಚರೇ? ಇನ್ನು ನಮ್ಮದು,” ಎಂದು ಆಸ್ಯಮ್ಮ ಬೇಲಿಯಾಚೆಯಿಂದ ನಗುತ್ತಾರೆ. ಈ ತಿಂಗಳಲ್ಲಿ ನಾವು ಒಂದೇ ಪಂಕ್ತಿಯಲ್ಲಿ ಕೂತದ್ದಿಲ್ಲ. ಅದಕ್ಕಾಗಿ ಯಾರೂ ಯಾರಿಗೂ ನೋಟಿಸ್ ಕೊಟ್ಟದ್ದೂ ಇಲ್ಲ.

ಇನ್ನೊಂದು ಸಂಗತಿ ತಮಗೆ ನೆನಪಿದೆಯೇ? ಅಂದು ಚತುರ್ದಶಿ, ನನಗೂ ಉಪವಾಸ. ಹಫ್ಸಳ ಪಕ್ಕದಲ್ಲೇ ನಾನು ಸಾರು ಬಡಿಸುತ್ತಿದ್ದೆ. “ಟೀಚರಿಗೆ ಇವತ್ತು ವ್ರತ, ಅವರನ್ನು ಒತ್ತಾಯ ಮಾಡ್ಬೇಡಿ,” ಎಂದು ತಾವೇ ಕೈಮುಗಿದಿರಿ.

ಹಫ್ಸಳ ನೋಟಿಸನ್ನು ನಾಳೆಯೊಳಗೆ ಲಿಖಿತವಾಗಿ ಹಿಂತೆಗೆದುಕೊಳ್ಳಿ. ಆಗದಿದ್ದರೆ ಅವಳ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಯಿರಿ. ನಾನೂ ಊಟ ಮಾಡಿರಲಿಲ್ಲ.

ಇಂತಿ,
ಅದೇ ಅಪರಾಧಕ್ಕೆ ಕೈಮುಗಿಸಿಕೊಂಡವಳು,
ಪದ್ಮಲತಾ
ಸಹಶಿಕ್ಷಕಿ, ಮಿಜಾರು