ಆನೆ ಇಳಿಯುವ ಹಳ್ಳ

ನನ್ನ ಮಾದಣ್ಣನಿಗೆ,

ಲೊಕ್ಕನಹಳ್ಳಿಯ ಆ ಬೆಳಿಗ್ಗೆ, ಆನೆ ತುಳಿದುಹೋದ ಜೋಳದ ಹೊಲದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೀನು ಹೇಳಿದ್ದೆ: “ಫಾರೆಸ್ಟ್ನೋರು ತೋಡ್ಸಿರ ಕಂದಕ ಹಳ್ಳದತ್ರ ನಿಂತೋಗದೆ ಕಣವ್ವ. ಆನೆ ಅಲ್ಲೇ ಇಳಿತದೆ. ಅದ್ಕೇನ್ ಕಣ್ಣಿಲ್ವಾ?” ನಾನು ಬರೆದುಕೊಂಡೆ. ಆನೆಗಳು ಹೊಲಕ್ಕೆ ಬರುವ ದಾರಿ ಹುಡುಕುವುದೇ ನನ್ನ ಪಿಎಚ್.ಡಿ. ನಾಲ್ಕು ವರ್ಷ, ಕೂಲಿಗೆ ಬಂದು ದಾರಿ ತೋರಿಸಿದ ನಿನ್ನ ಹಿಂದೆ ನಡೆದದ್ದು ಬಿಟ್ಟರೆ ನಾನು ಮಾಡಿದ್ದಾದರೂ ಏನು?

ಜರ್ನಲ್ಲಿಗೆ ಕಳಿಸುವ ಪ್ರಬಂಧದಲ್ಲಿ ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಬರೆದ ದಿನ ನನ್ನ ಗೈಡ್ ಅದನ್ನು ಹೊಡೆದುಹಾಕಿದರು. “ಕೂಲಿಯವನ ಹೆಸರು ಯಾಕಮ್ಮ? ಕೊನೇಲಿ ಒಂದು ಥ್ಯಾಂಕ್ಸ್ ಹಾಕು, ಸಾಕು.” ನಾನು ಹಾಗೇ ಮಾಡಿದೆ. ಅಚ್ಚಾದದ್ದನ್ನು ತಂದುಕೊಟ್ಟಾಗ ನೀನು ಹಾಳೆ ತಿರುವಿ ನಕ್ಕೆ: “ಬರೀ ಇಂಗ್ಲೀಸ್ನಲ್ಲೇ ಅದೆ. ಯಾರವ್ವ ಇದ್ನ ಓದೋರು, ಆನೆಯಾ?”

ಎದೆನೋವೆಂದ ನಿನ್ನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲೇ ನೀನು ಹೋಗಿಬಿಟ್ಟೆ. ನಾನಾಗ ದೆಹಲಿಯ ಸಮ್ಮೇಳನದಲ್ಲಿ ನೀನು ತೋರಿಸಿದ ಹಳ್ಳದ ನಕ್ಷೆ ಹಿಡಿದು ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಡಾಕ್ಟರೇಟ್ ಕೈಗೆ ಬಂದಿದ್ದರೂ ಹಿಂತಿರುಗಿದವಳೇ ಸಂಶೋಧನೆ ಬಿಟ್ಟೆ. ಕನ್ನಡ ಪತ್ರಿಕೆಯೊಂದಕ್ಕೆ ವಿಜ್ಞಾನದ ವರದಿಗಾರ್ತಿಯಾಗಿ ಸೇರಿದೆ. ಯಳಂದೂರಿನಲ್ಲಿ ಅವ್ವ ಹಣೆ ಚಚ್ಚಿಕೊಂಡಳು: “ಡಾಕ್ಟ್ರೇಟ್ ಮಾಡ್ಕಂಡು ಪೇಪರ್ನೋಳಾದ್ಯಾ? ಓದಿದ್ದೆಲ್ಲ ನೀರ್ನಲ್ಲಿ ಓಮ ಆಯ್ತಲ್ಲವ್ವ!”

ಇಲ್ಲೇನು ಸುಖ ಅಂದುಕೊಂಡೆಯಾ? ಹಳ್ಳದ ವರದಿ ಕೊಟ್ಟರೆ ಸಂಪಾದಕರು ಕೇಳಿದ್ದು, “ಯಾರಾದ್ರೂ ಸತ್ತಿದಾರಾ?” ಇಲ್ಲವೆಂದೆ. “ಮತ್ತೆ ಇದರಲ್ಲಿ ಸುದ್ದಿ ಯಾವುದು?” ಅಲ್ಲಿ ಓದುವವರೇ ಇಲ್ಲ, ಇಲ್ಲಿ ಸಾಯುವವರು ಬೇಕು! ಎರಡು ತಿಂಗಳು ಬೆನ್ನು ಬಿದ್ದ ಮೇಲೆ, ಅರ್ಧ ಕತ್ತರಿಸಿ ಒಳಪುಟದಲ್ಲಿ ಹಾಕಿದರು. ನಿನ್ನ ಹೆಸರು ಉಳಿಯಿತು. ಅದಕ್ಕಾಗಿ ಜಗಳವಾಡಿದ್ದೆ.

ಮುಂದಿನದು ಕೇಳು. ಕಂದಕದ ವಿಚಾರಕ್ಕೆ ಹೋದ ವಾರ ಅರಣ್ಯ ಇಲಾಖೆಯವರು ಹನೂರಿನಲ್ಲಿ ಸಭೆ ಕರೆದಿದ್ದರು. ನಿನ್ನ ಕೆಂಪಮ್ಮ, ನಮ್ಮ ಅತ್ತಿಗೆ, ಆ ಪುಟ ಮಡಚಿಕೊಂಡು ಬಂದು ಹಳ್ಳದ ಕತೆಯೆಲ್ಲ ಹೇಳಿದಳು. ಅಧಿಕಾರಿ ಪುಟ ಬಿಚ್ಚದೆಯೇ ನನ್ನತ್ತ ತಿರುಗಿ, “ಇದನ್ನ ಹೇಳಿದ ತಜ್ಞರು ಯಾರು?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಅಂದಳು: “ನನ್ ಗಂಡ ಕಣ್ ಸಾ.”

ಹಳ್ಳ ನೋಡಲು ಬರುತ್ತೇವೆ ಅಂದ ಅಧಿಕಾರಿಗಳು ಇನ್ನೂ ಬಂದಿಲ್ಲ. ಸೋಮವಾರ ನಾನೂ ಅತ್ತಿಗೆಯೂ ಅವರ ಕಚೇರಿ ಬಾಗಿಲಲ್ಲಿ ಕೂರುತ್ತೇವೆ. ಅವರು ಬಂದರೂ ಬರೆಯುತ್ತೇನೆ ಮಾದಣ್ಣ, ಬಾರದಿದ್ದರೂ ಬರೆಯುತ್ತೇನೆ.