ಜೀನ್ಸ್ ಚೀಲದ ಒಳಪದರ

ಕುಣಿಗಲ್,
ಗುರುವಾರ ಮಧ್ಯಾಹ್ನ

ನನ್ನ ಬಂಗಾರದಂಥ ಚೈತನ್ಯಾ,

ಈ ಕಾಗದ ನಿನ್ನ ಕೈಗೇ ಸಿಕ್ಕಿರಲಿ ದೇವರೇ. ನೀನು ಹಾಸ್ಟೆಲಿನಲ್ಲಿದ್ದಾಗ ವಾರ್ಡನ್ ಕಣ್ತಪ್ಪಿಸಿ ಚೀಲದ ಒಳಪದರದಲ್ಲಿ ಕೊಬ್ಬರಿ ಮಿಠಾಯಿ ಇಟ್ಟು, ಬಿಚ್ಚುವ ಜಾಗಕ್ಕೆ ಕೆಂಪು ದಾರ ಹಾಕುತ್ತಿದ್ದೆನಲ್ಲ, ಆ ಗುರುತು ನೀನು ಮರೆತಿಲ್ಲ ಅಂತ ನಂಬಿ ಇದನ್ನೂ ಹಾಗೇ ಇಟ್ಟು ಹೊಲಿಯುತ್ತೇನೆ. ನಿನ್ನ ಫೋನನ್ನು ಗಂಡ ನೋಡುತ್ತಾನೆ. ಚೀಲದ ಒಳಪದರವನ್ನು ಯಾವ ಗಂಡಸು ನೋಡಿಯಾನು?

ಭಾನುವಾರ ಅಳಿಯ ಕೃಷ್ಣಕುಮಾರ್ ಜೊತೆ ಬಂದಾಗ ನಿನ್ನ ಹಳೇ ಜೀನ್ಸ್ ಕೊಟ್ಟು, ಇದರಲ್ಲೊಂದು ಹ್ಯಾಂಡ್‌ಬ್ಯಾಗ್ ಹೊಲಿದುಕೊಡಮ್ಮ ಅಂದೆ. ಅವರು ಬಾಗಿಲಲ್ಲೇ ನಿಂತು, ಇನ್ನು ಅವಳು ಅದನ್ನು ಹಾಕೋ ಹಾಗಿಲ್ಲ ಬಿಡಿ ಅಂತ ನಕ್ಕರು. ನಾನೂ ನಕ್ಕೆ. ನಿನ್ನ ಕೈಯ ಬ್ಯಾಂಡೇಜ್ ಏನೆಂದು ಕೇಳಿದ್ದಕ್ಕೆ, ಅದೇ ಜೀನ್ಸ್ ಹಾಕಿ ಇಂಟರ್‌ವ್ಯೂಗೆ ಹೊರಟಾಗ ಮೆಟ್ಟಿಲಲ್ಲಿ ಮುಗ್ಗರಿಸಿದೆ ಅಂದೆ. ನಾನು ನಂಬಿಬಿಟ್ಟೆ.

ನಿನ್ನೆ ಕಾಲುಗಳ ಹೊಲಿಗೆ ಬಿಚ್ಚಿ ಸೊಂಟದ ಪಟ್ಟಿ ತಿರುಗಿಸಿದೆ. ಬೆನ್ನಿನ ಕಡೆಯ ಎರಡು ಬೆಲ್ಟ್ ಲೂಪು ಬಟ್ಟೆ ಸಮೇತ ಕಿತ್ತುಬಂದಿವೆ. ಜೀನ್ಸಿನ ಲೂಪು ಬಿಚ್ಚಲು ನನಗೇ ಬ್ಲೇಡು ಬೇಕು ಕಣೇ. ಮುಗ್ಗರಿಸಿ ಮುಂದಕ್ಕೆ ಬಿದ್ದವಳ ಹಿಂದಿನ ಲೂಪು ಹೇಗೆ ಹರಿಯುತ್ತದೆ? ಹಿಂದಿನಿಂದ ಹಿಡಿದು ಎಳೆದಿದ್ದಾನೆ. ಪಟ್ಟಿಯ ಒಳಗೆ ಸೋಪಿಗೂ ಹೋಗದ ಕಂದು ಕಲೆ. ಬಾಯಿಬಿಟ್ಟು ಹೇಳಲಾಗದ್ದನ್ನು ಬಟ್ಟೆಯಲ್ಲಿ ಕಳಿಸಿದೆಯಾ ಮಗಳೇ?

ಯುಗಾದಿಗೆ ಬಂದವಳು ವಾಪಸ್ ಹೋಗಲ್ಲ ಅಂದಾಗ, "ಹೊಂದ್ಕೊಂಡ್ ಹೋಗು ಕಣೇ, ಎಲ್ಲಾ ಸರಿಹೋಯ್ತದೆ" ಅಂದವಳು ನಾನೇ. ನನ್ನ ನಾಲಿಗೆ ಸೇದಿಹೋಗ.

ಚೀಲ ಚೆನ್ನಾಗಿ ಬಂದಿದೆ. ಹಿಡಿಕೆಗೆ ಎರಡು ಪದರ ಹಾಕಿದ್ದೇನೆ, ಭಾರ ತಡೆಯುತ್ತದೆ. ಒಳಜೇಬು ಮಾರ್ಕ್ಸ್ ಕಾರ್ಡ್ ಮಡಿಸದೆ ಹಿಡಿಯುವ ಅಳತೆಯದು. ಪಕ್ಕದ ಮನೆ ದೊಡ್ಡಗಂಗಮ್ಮ ನಾಳೆ ಗುಬ್ಬಿಗೆ ಮಗಳ ಮನೆಗೆ ಹೋಗುವಾಗ ನಿನಗೆ ತಲುಪಿಸುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ. ಸೋಮವಾರ ಅವನು ಡ್ಯೂಟಿಗೆ ಹೋದ ಮೇಲೆ, ತರಕಾರಿಗೆ ಹೊರಟವಳ ಹಾಗೆ ಈ ಚೀಲವೊಂದನ್ನೇ ಹಾಕಿಕೊಂಡು ಬಾ. ಹತ್ತು ಗಂಟೆಗೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಅಲ್ಲಿಂದ ನೇರ ತುಮಕೂರು, ನಿನ್ನ ಚಿಕ್ಕಮ್ಮನ ಮನೆ. ಬರಲಾಗದಿದ್ದರೆ ಜಿಪ್ ಸರಿಯಿಲ್ಲ ಅಂತ, ಭಾನುವಾರ ವಾಪಸ್ ಬರುವ ದೊಡ್ಡಗಂಗಮ್ಮನ ಕೈಲಿ ಹೇಳಿಕಳಿಸು, ನಾನೇ ನಿನ್ನ ಬಾಗಿಲಿಗೆ ಬರುತ್ತೇನೆ.

ನಿಮ್ಮಪ್ಪನಿಗೆ ಹೇಳಿಲ್ಲ, ನೀನೂ ಹೇಳಬೇಡ. ಈ ಕೆಂಪು ದಾರ ನಿನ್ನ ಗಂಡನ ಕಣ್ಣಿಗೆ ಬೀಳದಿರಲಿ. ಕಾಗದವನ್ನು ಓದಿದ ಕೂಡಲೇ ಸುಟ್ಟುಬಿಡು.

ಸೋಮವಾರದವರೆಗೆ ಜೀವ ಕೈಯಲ್ಲಿ ಹಿಡಿದಿರುವ
ನಿನ್ನ ಅಮ್ಮ,
ಗಂಗಲಕ್ಷ್ಮಮ್ಮ

ವಿ.ಸೂ.: ಲೂಪು ಕಿತ್ತುಹೋದ ಪಟ್ಟಿಯನ್ನು ಚೀಲಕ್ಕೆ ಹಾಕಿಲ್ಲ. ಹಾಗೇ ಎತ್ತಿಟ್ಟಿದ್ದೇನೆ, ಪೊಲೀಸ್ ಸ್ಟೇಷನ್ನಿನಲ್ಲಿ ತೋರಿಸಬೇಕಾದೀತು. ನಿಮ್ಮಪ್ಪನಿಗೆ ಯಾಕೆ ಹೇಳಲಿಲ್ಲ ಅಂತ ನೀನು ಕೇಳುತ್ತೀಯ. ಮದುವೆಯಾದ ವರ್ಷ ನನ್ನ ರವಿಕೆಯ ಬೆನ್ನೂ ಹೀಗೇ ಹರಿದಿತ್ತು. ತವರಿಗೆ ಓಡಿಬಂದಿದ್ದೆ. ನಮ್ಮವ್ವ ಏನೂ ಕೇಳದೆ, ಹರಿದದ್ದೇ ಗೊತ್ತಾಗದ ಹಾಗೆ ಹೊಲಿದು, ಅವತ್ತೇ ವಾಪಸ್ ಕಳಿಸಿದಳು. ನಾನು ಹೊಲಿಗೆ ಕಲಿತದ್ದು ಅವಳ ಹತ್ತಿರವೇ.