ಇಪ್ಪತ್ತನಾಲ್ಕನೇ ಕುರ್ಚಿ

ಜನವರಿ 13

ಮತ್ತೆ ಅದೇ. ಬೆಲ್ ಹೊಡೆದ ತಕ್ಷಣ ನನ್ನ ‘ಒನ್ ಕರೇಜ್’ ತರಗತಿ ಮೂರು ಹೋಳು. ಬೆಳಿಗ್ಗೆ ಹಾಜರಿ ಒಟ್ಟಿಗೆ. ಆಟ, ಚಿತ್ರಕಲೆ, ಅಡುಗೆ ಕ್ಲಾಸು ಒಟ್ಟಿಗೆ. ಗಣಿತ, ಇಂಗ್ಲಿಷ್, ವಿಜ್ಞಾನ ಬಂತೋ — ಜಿ-ತ್ರೀ ಮಕ್ಕಳು ಮೆಟ್ಟಿಲು ಹತ್ತಿ ಮೇಲಕ್ಕೆ, ಜಿ-ಟೂ ನನ್ನ ರೂಮಿಗೆ, ಜಿ-ವನ್ ಪಕ್ಕದ ರೂಮಿಗೆ. ತ್ರೀ ಕಷ್ಟದ ಪಾಠ, ವನ್ ಸುಲಭದ್ದು. ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂದು ಪ್ರಿನ್ಸಿಪಾಲರು ಪೋಷಕರ ಮುಂದೆ ಭಾಷಣ ಮಾಡಿದ್ದರು. ಎರಡೇ ವಾರ. ಯಾರು ಯಾವುದು ಎಂದು ಎಲ್ಲ ಮಕ್ಕಳಿಗೂ ಗೊತ್ತು. ಬೆಲ್ ಹೊಡೆದಾಗ ಯಾವ ಕಡೆ ತಿರುಗುತ್ತಾರೆ ನೋಡಿದರೆ ಸಾಕು.

ನನ್ನ ಜಿ-ಟೂ ಗಣಿತಕ್ಕೆ ಇಪ್ಪತ್ಮೂರು ಮಕ್ಕಳು, ಇಪ್ಪತ್ತನಾಲ್ಕು ಕುರ್ಚಿ. ಉಳಿದ ಒಂದು ಕಾರಿಡಾರ್ ಕಡೆಯ ಕಿಟಕಿ ಪಕ್ಕ. ಅದರ ಮುಂದಿನ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್. ಯಾರದೆಂದು ಕೇಳಿದೆ. ನಮ್ಮದಲ್ಲ ಎಂದರು ಎಲ್ಲರೂ.

ಜನವರಿ 20

ಪ್ಯಾಕೆಟ್ ಅಲ್ಲೇ ಇದೆ. ಎಸೆಯಲು ಹೋದೆ. ಇಡೀ ಕ್ಲಾಸು ಹೌಹಾರಿತು.

“ಮಿಸ್, ಬೇಡ! ಯಾರೋ ಚೋಪ್ ಮಾಡಿದಾರೆ!”

ಇದ್ದಲ್ಲೇ ವಾಪಸ್ ಇಟ್ಟೆ. ಚೋಪ್ ಎಂದರೆ ಜಾಗ ಹಿಡಿಯುವುದು. ಮಧ್ಯಾಹ್ನದ ಊಟದ ಹೊತ್ತಲ್ಲಿ ಹಾಕರ್ ಸೆಂಟರಿನ, ಅಂದರೆ ಸಾಲು ತಿಂಡಿ ಅಂಗಡಿಗಳ ಅಂಗಳದ, ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇದ್ದರೆ ಮುಗಿಯಿತು — ಕುದಿಯುವ ನೂಡಲ್ಸ್ ಬಟ್ಟಲು ಹಿಡಿದು ಕೈ ಸುಟ್ಟುಕೊಂಡು ನಿಂತಾರೆ, ಕೂರಲಾರರು. ದೇವರ ಆಣೆಗೂ ಇಷ್ಟು ಬೆಲೆಯಿಲ್ಲ ಈ ಊರಲ್ಲಿ. ಆದರೆ ಕ್ಲಾಸ್‌ರೂಮಿನಲ್ಲಿ? ಈ ಪಾಠಕ್ಕೇ ಬಾರದವರಿಗೆ?

ಜನವರಿ 22

ಕಳ್ಳಿ ಸಿಕ್ಕಿಬಿದ್ದಳು. ಕಿಸ್ತಿನಾ. ನನ್ನದೇ ಒನ್ ಕರೇಜ್ ಹುಡುಗಿ. ಎಲ್ಲ ವಿಷಯವೂ ಜಿ-ವನ್. ಅಪ್ಪ ಬಂದರಿನಲ್ಲಿ ಲಾರಿ ಓಡಿಸುತ್ತಾನೆ. ಮುಖಕ್ಕಿಂತ ದೊಡ್ಡ ಕನ್ನಡಕ, ಕನ್ನಡಕಕ್ಕಿಂತ ದೊಡ್ಡ ಬಾಯಿ. ಪಕ್ಕದ ರೂಮಿಗೆ ಹೋಗುತ್ತ ಕಿಟಕಿಯೊಳಗೆ ಕೈ ತೂರಿಸಿ ಪ್ಯಾಕೆಟ್ ಸರಿಮಾಡುತ್ತಿದ್ದಳು.

“ಏನೇ ಇದು?”

“ಚೋಪ್, ಮಿಸ್.”

“ನಿನ್ನ ರೂಮು ಪಕ್ಕದ್ದಲ್ವಾ?”

“ಈಗ ಪಕ್ಕದ್ದು. ಜುಲೈಗೆ ಇದು. ಮೊದಲೇ ಹಿಡಿದಿಡದೆ ಹೋದ್ರೆ ಆಮೇಲೆ ಜಾಗ ಇಲ್ಲ ಅಂತೀರ.”

ನಕ್ಕುಬಿಟ್ಟೆ. ಈ ವರ್ಷ ಮೊದಲ ಸಲ ನಕ್ಕಿದ್ದು. ಅವಳು ಹೇಳಿದ್ದು ನಿಜ. ಎರಡು ಟೆಸ್ಟಿನ ಸರಾಸರಿ ಎಪ್ಪತ್ತೈದು ದಾಟಿದರೆ ಜುಲೈಯಲ್ಲಿ ಆ ಒಂದು ವಿಷಯಕ್ಕೆ ಮೇಲಿನ ಗುಂಪಿಗೆ ಹೋಗಬಹುದು. ಹೋದವರು ವರ್ಷಕ್ಕೆ ಒಬ್ಬರೋ ಇಬ್ಬರೋ.

“ಆಯ್ತು. ಯಾರೂ ಮುಟ್ಟದ ಹಾಗೆ ನೋಡ್ಕೋತೀನಿ,” ಎಂದೆ.

ಫೆಬ್ರವರಿ 11

ನನ್ನ ಪಾಠ ಶುರುವಾದ ಮೇಲೂ ಒಂದು ನಿಮಿಷ ಕಾರಿಡಾರಿನಲ್ಲಿ ನಿಂತು ಬೋರ್ಡ್ ನೋಡುತ್ತಾಳೆ. ಆಮೇಲೆ ಓಟ. ಪ್ಯಾಕೆಟ್ ದಪ್ಪವಾಗುತ್ತಿದೆ. ಇನ್ನಷ್ಟು ಟಿಶ್ಯೂ ತುರುಕುತ್ತಾಳೋ ಏನೋ. ಜಾಗ ಗಟ್ಟಿಯಾಗಲಿ ಅಂತ ಇರಬೇಕು!

ಇವತ್ತು ಹಾಜರಿ ಹೊತ್ತಲ್ಲಿ ಹತ್ತಿರ ಬಂದು ಕೇಳಿದಳು: “ಮಿಸ್, ನನ್ನ ಪ್ಯಾಕೆಟ್ ಬಿಚ್ಚಿ ನೋಡಿದ್ರಾ?”

“ಛೆ ಛೆ, ಬೆರಳೂ ತಾಗಿಸಿಲ್ಲ ಮಾರಾಯ್ತಿ. ಚೋಪ್ ಅಂದ್ರೆ ಚೋಪ್.”

ಹ್ಞೂಂ ಅಂದು ಹೋದಳು. ಮಾತು ಉಳಿಸಿಕೊಂಡೆನೆಂದು ಒಳಗೊಳಗೇ ಹೆಮ್ಮೆ ನನಗೆ.

ಮಾರ್ಚ್ 5

ಮೊದಲ ಟೆಸ್ಟ್. ಕಿಸ್ತಿನಾಗೆ ಎಂಬತ್ಮೂರು! ಪಕ್ಕದ ರೂಮಿನ ಹಫೀಜ್ ಸರ್ ಸ್ಟಾಫ್‌ರೂಮಿನಲ್ಲೇ ಪೇಪರ್ ಆಡಿಸಿ ತೋರಿಸಿದರು. “ತಿಲಗಾ, ನಿಮ್ಮ ಕುರ್ಚಿ ಒರೆಸಿಡಿ. ನನ್ನ ರಾಣಿ ಬರ್ತಿದಾಳೆ.”

ಹದಿನೆಂಟು ವರ್ಷದ ನೌಕರಿ. ಇಂಥ ಖುಷಿ ಬೆರಳಲ್ಲಿ ಎಣಿಸುವಷ್ಟು.

ಮಾರ್ಚ್ 26. ಸಂಜೆ 5

ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಬೇರೆ ಶಾಲೆಗಳಿಂದ ಹತ್ತು ಜನ ಬಂದಿದ್ದರು. ನಮ್ಮಲ್ಲಿ ಮಕ್ಕಳನ್ನು ಹೇಗೆ ಬೆರೆಸುತ್ತಾರೆ ನೋಡಲು. ಅದೇ ದಿನ ಶೆರ್ಲಿನ್ ಜಿ-ತ್ರೀ ಗಣಿತ ತಾಳಲಾರದೆ ನನ್ನ ಗುಂಪಿಗೆ ಇಳಿದು ಬಂದಳು. ಶೆರ್ಲಿನ್ ಎಂದರೆ ಒನ್ ಕರೇಜಿನಲ್ಲಿ ಕಿಸ್ತಿನಾ ಪಕ್ಕದ ಸೀಟು, ಇಬ್ಬರದೂ ಒಂದೇ ತಟ್ಟೆ. ಅತ್ತು ಕಣ್ಣು ಊದಿತ್ತು. ಖಾಲಿ ಇದ್ದದ್ದು ಒಂದೇ ಕುರ್ಚಿ.

“ಕೂತ್ಕೋ.”

“ಚೋಪ್ ಆಗಿದೆ ಮಿಸ್.”

“ಗೊತ್ತು. ಕೂತ್ಕೋ.”

“ಅದು ಕಿಸ್ತಿನಾದು. ನಾ ಕೂರಲ್ಲ. ನಿಂತೇ ಇರ್ತೀನಿ.”

ನಿಂತಳು. ಪುಸ್ತಕ ಎದೆಗವಚಿಕೊಂಡು. ಕಾರಿಡಾರಿನಲ್ಲಿ ಬೂಟಿನ ಸದ್ದು, ಪ್ರಿನ್ಸಿಪಾಲರ ನಗು. ಬೆರೆತ ಮಕ್ಕಳನ್ನು ನೋಡಲು ಬಂದವರಿಗೆ ಕಾಣುವುದು ಕೂರಲು ಜಾಗವಿಲ್ಲದೆ ಅಳುವ ಹುಡುಗಿ... ನನಗೆ ರೇಗಿತು. ಸರಸರ ಹೋದೆ. ಪ್ಯಾಕೆಟ್ ಎತ್ತಿ ನನ್ನ ಡ್ರಾಯರಿಗೆ ಹಾಕಿ ಮುಚ್ಚಿದೆ.

“ಈಗ ಇಲ್ಲ. ಕೂತ್ಕೋ.”

ಕೂತಳು. ಕ್ಲಾಸಿನಲ್ಲಿ ಪಿಟ್ ಎನ್ನಲಿಲ್ಲ ಒಬ್ಬರೂ. ಬಂದವರು ನೋಡಿದರು, ತಲೆ ಆಡಿಸಿದರು, ಫೋಟೋ ತೆಗೆದರು. ಎಂಥ ಶಿಸ್ತು ಎಂದರಂತೆ.

ಮಾರ್ಚ್ 27

ಕಿಸ್ತಿನಾ ಕಿಟಕಿಯ ಹತ್ತಿರ ಬಂದಳು. ಕೈ ಅರ್ಧ ಚಾಚಿದ್ದಳು. ಶೆರ್ಲಿನ್ ತಲೆ ಎತ್ತಲಿಲ್ಲ. ಕಿಸ್ತಿನಾ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಕೈ ಹಿಂದಕ್ಕೆ ತೆಗೆದುಕೊಂಡು ಹೊರಟುಹೋದಳು. ಬೋರ್ಡ್ ನೋಡಲಿಲ್ಲ.

ಪ್ಯಾಕೆಟ್ ಅವಳಿಗೆ ವಾಪಸ್ ಕೊಡಬೇಕು. ಯಾವ ಮುಖ ಹೊತ್ತು ಕೊಡಲಿ? ನಾಳೆ ನೋಡೋಣ.

ಏಪ್ರಿಲ್ 3

ಕಿಸ್ತಿನಾ ರಾಯ ಹಬ್ಬದ, ಅಂದರೆ ರಂಜಾನ್ ಹಬ್ಬದ, ರಜೆ ಮುಗಿಸಿ ಡಬ್ಬಿ ತುಂಬ ಅನಾನಸ್ ಬಿಸ್ಕತ್ತು ತಂದಿದ್ದಳು. ಇಡೀ ಒನ್ ಕರೇಜಿಗೆ ಹಂಚಿದಳು. ಶೆರ್ಲಿನ್‌ಗೂ ಕೊಟ್ಟಳು. ಕೊನೆಗೆ ನನ್ನ ಮೇಜು.

“ತಗೊಳ್ಳಿ ಮಿಸ್. ಎಲ್ರಿಗೂ ಸಾಕಾಗೋಷ್ಟಿದೆ. ಹಿಡಿದಿಡೋದೇನೂ ಬೇಕಿಲ್ಲ.”

ನಗುನಗುತ್ತಲೇ ಅಂದಳು. ಒಂದು ಬಿಸ್ಕತ್ತು ತೆಗೆದುಕೊಂಡೆ. ತಪ್ಪಾಯ್ತು ಎನ್ನಬೇಕಿತ್ತು. ಬೆಣ್ಣೆ ಚೆನ್ನಾಗಿದೆ ಎಂದೆ.

ಮೇ 9

ಎರಡನೇ ಟೆಸ್ಟ್. ನಲವತ್ತೊಂದು.

“ತಪ್ಪು ಮಾಡಿಲ್ಲ ರೀ,” ಎಂದರು ಹಫೀಜ್ ಸರ್. “ಅರ್ಧ ಪೇಪರ್ ಮುಟ್ಟೇ ಇಲ್ಲ. ಪೆನ್ನು ಮುಚ್ಚಿಟ್ಟು ಕಿಟಕಿ ನೋಡ್ತಾ ಕೂತಿದ್ಲು. ಮನೇಲಿ ಏನಾದ್ರೂ ಆಗಿದೆಯಾ?”

ಗೊತ್ತಿಲ್ಲ ಎಂದೆ. ಸುಳ್ಳು.

ಮೇ 28

ಜುಲೈ ಪಟ್ಟಿಯ ಮೀಟಿಂಗ್. ಗಣಿತ ವಿಭಾಗದ ಮುಖ್ಯಸ್ಥ ತೇ ಸರ್ ಪರದೆಯ ಮೇಲೆ ಹೆಸರು ಓಡಿಸುತ್ತಿದ್ದರು. ಕಿಸ್ತಿನಾ. ಸರಾಸರಿ ಅರವತ್ತೆರಡು. ಮುಂದಿನ ಹೆಸರು.

“ಸರ್, ಒಂದ್ನಿಮಿಷ. ಆ ಹುಡುಗಿ ಕೈ ಚೆಲ್ಲಿದ್ದು ನನ್ನಿಂದ. ನನ್ನ ರೂಮಲ್ಲಿ ಸೀಟಿಲ್ಲ ಅಂತ ಅವಳಿಗನಿಸ್ತು.”

“ಸೀಟಿಲ್ವಾ? ಮೂವತ್ತು ಜನರವರೆಗೆ ಕೂರಿಸಬಹುದಲ್ರೀ ಅಲ್ಲಿ.”

“ಕುರ್ಚಿ ಇಪ್ಪತ್ತನಾಲ್ಕೇ ಇದ್ವು.”

ತೇ ಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೆಟ್ಟ ಮನುಷ್ಯನಲ್ಲ. “ಹಾಲ್‌ನಲ್ಲಿ ಇನ್ನೂರು ಕುರ್ಚಿ ಬಿದ್ದಿವೆ, ತಿಲಗಾ. ಒಂದು ತಂದು ಹಾಕಿದ್ರೆ ಯಾರು ಬೇಡ ಅಂತಿದ್ರು?”

ಯಾರೂ ಅನ್ನುತ್ತಿರಲಿಲ್ಲ. ನಾನು ಕೇಳಲೇ ಇಲ್ಲ. ಎರಡು ತಿಂಗಳು ಕೇಳಲಿಲ್ಲ. ಹಾಲ್ ನಮ್ಮ ರೂಮಿನ ಕೆಳಗೇ ಇದೆ. ಮೀಟಿಂಗ್ ಮುಗಿಸಿ ಹೋಗಿ ಒಂದು ಕುರ್ಚಿ ಹೊತ್ತು ತಂದು ಕಿಟಕಿ ಪಕ್ಕ ಹಾಕಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ತರಗತಿಗೆ ಧೈರ್ಯದ ಹೆಸರು, ಟೀಚರಿಗೆ ಅದೊಂದೇ ಇಲ್ಲ.

ಜುಲೈ 2

ಹೊಸ ಕುರ್ಚಿಯಲ್ಲಿ ಮಕ್ಕಳು ಬ್ಯಾಗ್ ಇಡುತ್ತಾರೆ. ಕಿಸ್ತಿನಾ ಈಗ ಆ ಕಡೆಯ ಮೆಟ್ಟಿಲು ಬಳಸಿ ಪಕ್ಕದ ರೂಮಿಗೆ ಹೋಗುತ್ತಾಳೆ. ನನ್ನ ಕಿಟಕಿ ಅವಳಿಗೆ ಸಿಗುವುದಿಲ್ಲ.

ಅಕ್ಟೋಬರ್ 30

ಪೋಷಕರ ಭೇಟಿ. ಮುಂದಿನ ವರ್ಷದ ಗುಂಪಿನ ಫಾರಂ. ಹಫೀಜ್ ಸರ್ ಮತ್ತು ನಾನು ಕೂಡಿ ತೇ ಸರ್ ಕಾಲಿಗೆ ಬೀಳುವುದೊಂದು ಬಾಕಿ — ಕಿಸ್ತಿನಾಗೆ ಗಣಿತ ಜಿ-ಟೂ, ವಿಶೇಷ ಶಿಫಾರಸು, ಒಂದು ಅವಧಿ ನೋಡೋಣ ಎಂದು ಒಪ್ಪಿಸಿದ್ದೆವು. ಸಹಿ ಒಂದು ಬೇಕು.

ಅವಳ ಅಮ್ಮ ಕೆಲಸದ ಯೂನಿಫಾರಂನಲ್ಲೇ ಓಡಿ ಬಂದಿದ್ದರು. ಫಾರಂ ಎರಡು ಸಲ ಓದಿದರು. “ಇದರಲ್ಲಿ ಮೇಲೆ ಹೋಗಬಹುದು ಅಂತಿದೆ. ಏನಮ್ಮಾ, ಹೋಗ್ತೀಯಾ?”

“ಬೇಡ ಮಾ.”

ನಾನು ಬಾಯಿ ಹಾಕಿದೆ. “ಕಿಸ್ತಿನಾ, ಕುರ್ಚಿ ಇದೆ. ನಿನಗೇ ಅಂತ.”

“ಆ ರೂಮಲ್ಲಿ ಫ್ಯಾನ್ ಗಾಳಿ ಜಾಸ್ತಿ ಮಿಸ್, ಚಳಿ. ಹಫೀಜ್ ಸರ್ ರೂಮೇ ಆರಾಮ.”

ಅಮ್ಮ ನನ್ನ ಕಡೆ ನೋಡಿದರು, ಕ್ಷಮೆ ಕೇಳುವ ಹಾಗೆ. “ಜನವರಿಯಲ್ಲಿ ಮನೇಲಿ ಬರೀ ಲೆಕ್ಕದ್ದೇ ಮಾತು ಇತ್ತು ಟೀಚರ್. ಮಕ್ಕಳಲ್ವಾ, ಹುಚ್ಚು ಬರುತ್ತೆ, ಹೋಗುತ್ತೆ. ಇದ್ದಲ್ಲಿ ನಗ್ತಾ ಇದ್ರೆ ಸಾಕು.”

ಜಿ-ವನ್ ಚೌಕಕ್ಕೆ ಕಿಸ್ತಿನಾ ಗುರುತು ಹಾಕಿದಳು. ಒತ್ತಿ, ನೀಟಾಗಿ. ಅಮ್ಮ ಸಹಿ ಮಾಡಿದರು. ಆಯಿತು. ಮೂರು ವರ್ಷದ ಮೇಲೆ ಯಾವ ಪರೀಕ್ಷೆ, ಆಮೇಲೆ ಯಾವ ಕಾಲೇಜು ಎಲ್ಲ ಆ ಒಂದು ಗೀಟಿನಲ್ಲಿ ಆಯಿತು. ಹದಿಮೂರು ವರ್ಷ ಅವಳಿಗೆ.

ನವೆಂಬರ್ 14. ಮಧ್ಯಾಹ್ನ

ರೂಮು ಖಾಲಿ ಮಾಡುವ ದಿನ. ಡ್ರಾಯರಿನ ತಳದಲ್ಲಿ ಪ್ಯಾಕೆಟ್. ಎಂಟು ತಿಂಗಳು ನಾಳೆ ನಾಳೆ ಎಂದು ಬಿಟ್ಟದ್ದು. ಧೂಳಿಗೆ ಮೂಗು ಸೋರುತ್ತಿತ್ತು. ಒಂದು ಟಿಶ್ಯೂ ಎಳೆದೆ.

ಟಿಶ್ಯೂ ಅಲ್ಲ, ಕಾಗದ.

ನಾಲ್ಕು ಮಡಿಕೆಯ ನೋಟ್‌ಬುಕ್ ಹಾಳೆ. ಒಂದಲ್ಲ, ಎಂಟು. ಟಿಶ್ಯೂಗಳ ನಡುವೆ ಒಂದೊಂದೇ ತೂರಿಸಿದ್ದಾಳೆ. ಮೊದಲನೆಯದು ಜನವರಿ 24ರದು. ನನ್ನ ಬೋರ್ಡಿನ ಲೆಕ್ಕ, ಕಿಟಕಿಯಿಂದ ನೋಡಿ ಬರೆದುಕೊಂಡದ್ದು, ಮಾಡಿದ್ದಾಳೆ. ಕೆಳಗೆ ದುಂಡು ಅಕ್ಷರ: “ಮಿಸ್, ಸರಿಯಾ? ಗುರುತು ಹಾಕಿ ಇದರಲ್ಲೇ ಇಡಿ. ಯಾರಿಗೂ ಹೇಳ್ಬೇಡಿ, ನಗ್ತಾರೆ.” ಪ್ರತಿ ಹಾಳೆಯಲ್ಲೂ ಅದೇ ಪ್ರಶ್ನೆ. ಕೊನೆಯದರಲ್ಲಿ ಪ್ರಶ್ನೆ ಇಲ್ಲ, ಲೆಕ್ಕ ಮಾತ್ರ.

ಬಿಚ್ಚಿ ನೋಡಿದ್ರಾ ಎಂದು ಕೇಳಿದ್ದಳು. ಬೆರಳೂ ತಾಗಿಸಿಲ್ಲ ಎಂದು ಬೀಗಿದ್ದೆ.

ಕೆಂಪು ಪೆನ್ನು ತೆಗೆದಿದ್ದೇನೆ. ಯಾಕೋ ಗೊತ್ತಿಲ್ಲ. ಮೊದಲನೆಯದು ಸರಿ. ಎರಡನೆಯದೂ ಸರಿ. ಮೂರರಲ್ಲಿ ಆವರಣ ಬಿಡಿಸುವಾಗ ಮೈನಸ್ ಬದಲಾಯಿಸಿಲ್ಲ — ಎರಡು ನಿಮಿಷದಲ್ಲಿ ಹೇಳಿಕೊಡುವಂಥದ್ದು. ನಾಲ್ಕರಲ್ಲೂ ಅದೇ ತಪ್ಪು. ಐದರಲ್ಲೂ. ಯಾರೂ ಹೇಳಲಿಲ್ಲವಲ್ಲ, ಸರಿ ಎಂದೇ ಅಂದುಕೊಂಡು ಮಾಡುತ್ತ ಹೋಗಿದ್ದಾಳೆ. ಆರರಲ್ಲಿ ಒಮ್ಮೆ ಮೈನಸ್ ಬರೆದು, ಹೊಡೆದು, ಮತ್ತೆ ಪ್ಲಸ್ ಮಾಡಿ, ಪಕ್ಕದಲ್ಲಿ ಸಣ್ಣಗೆ “ಯಾವುದು ಮಿಸ್?” ಎಂದು...

ಮೈನಸ್, ಕಿಸ್ತಿನಾ. ಮೊದಲು ಬರೆದದ್ದೇ ಸರಿ.